ಗಡ್ಡೆ ಕಂಪಾಲಾದ್ದು, ಹೆಸರು ಲಂಡನ್ನಿನದು: ಆಫ್ರಿಕಕ್ಕೆ ತನ್ನದೇ ಕ್ಯಾನ್ಸರ್ ಸಂಸ್ಥೆ ಯಾಕೆ ಬೇಕಾಯಿತು?

1963ರ ಡಿಸೆಂಬರ್. ಉಗಾಂಡದಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಅದರಲ್ಲಿದ್ದದ್ದು ಒಂದು ಮಗುವಿನ ಗಡ್ಡೆಯಿಂದ ತೆಗೆದ ಚೂರು. ಲಂಡನ್ನಿನಲ್ಲಿ ಮಂಜು ಕವಿದಿತ್ತು, ವಿಮಾನ ಮ್ಯಾಂಚೆಸ್ಟರಿಗೆ ಹೋಗಿ ಇಳಿಯಿತು. ಬಾಟಲಿ ಲ್ಯಾಬ್ ಮುಟ್ಟುವ ಹೊತ್ತಿಗೆ ಒಳಗಿನ ನೀರು ಮಬ್ಬಾಗಿತ್ತು. ಕೆಟ್ಟುಹೋಗಿದೆ ಎಂದು ಚೆಲ್ಲಿಬಿಡಬಹುದಿತ್ತು. ಲಂಡನ್ನಿನ ಸಂಶೋಧಕ ಆಂಥನಿ ಎಪ್‌ಸ್ಟೈನ್ ಚೆಲ್ಲಲಿಲ್ಲ. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಬ್ಬಿಗೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಗಡ್ಡೆಯಿಂದ ಬಿಡಿಸಿಕೊಂಡು ತೇಲುತ್ತಿದ್ದ ಜೀವಂತ ಕ್ಯಾನ್ಸರ್ ಕೋಶಗಳು.

ಮರುವರ್ಷ ಎಪ್‌ಸ್ಟೈನ್, ಬರ್ಟ್ ಅಚೋಂಗ್ ಮತ್ತು ಯವಾನ್ ಬಾರ್ ಆ ಕೋಶಗಳ ಒಳಗೆ ಒಂದು ವೈರಸ್ ಕಂಡರು. ಮನುಷ್ಯರ ಕ್ಯಾನ್ಸರಿಗೂ ವೈರಸ್ಸಿಗೂ ನಂಟಿದೆ ಎಂದು ತೋರಿಸಿದ ಮೊದಲ ಉದಾಹರಣೆ ಅದು. ಇವತ್ತು ಅದನ್ನು ಎಪ್‌ಸ್ಟೈನ್-ಬಾರ್ ವೈರಸ್ ಎನ್ನುತ್ತಾರೆ. ಅಚೋಂಗ್ ಮೂಲತಃ ಟ್ರಿನಿಡಾಡಿನವರು, ಅವರ ಹೆಸರು ವೈರಸ್ಸಿನ ಹೆಸರಿನಲ್ಲಿ ಸೇರಲಿಲ್ಲ. ಕ್ಯಾನ್ಸರಿನ ಹೆಸರು ಬರ್ಕಿಟ್ ಲಿಂಫೋಮಾ. ಡೆನಿಸ್ ಬರ್ಕಿಟ್ ಎಂಬ ಐರಿಶ್ ಸರ್ಜನ್ 1957ರಲ್ಲಿ ಉಗಾಂಡದ ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ದವಡೆಯ ಎರಡೂ ಕಡೆ ಊದಿಕೊಂಡಿದ್ದ ಒಬ್ಬ ಹುಡುಗನನ್ನು ನೋಡಿದ್ದರು, ಮರುವರ್ಷ ಅದರ ಬಗ್ಗೆ ಬರೆದರು. ಹೀಗೆ ಗಡ್ಡೆ ಕಂಪಾಲಾದ್ದಾಯಿತು, ಹೆಸರು ಬೇರೆಯವರದಾಯಿತು.

ಬರ್ಕಿಟ್ ಬಗ್ಗೆ ನನಗೆ ಕೋಪವೇನೂ ಇಲ್ಲ. ಈ ರೋಗ ಎಲ್ಲೆಲ್ಲಿ ಇದೆ ಎಂದು ತಿಳಿಯಲು 1961ರಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ಹಳೆಯ ಕಾರಿನಲ್ಲಿ 10,000 ಮೈಲಿ ಸುತ್ತಿದ ಮನುಷ್ಯ ಅವರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಮಕ್ಕಳ ಫೋಟೊ ತೋರಿಸಿ, "ಇಂಥದ್ದು ಇಲ್ಲಿ ನೋಡಿದ್ದೀರಾ?" ಎಂದು ಕೇಳಿದರು. ಬಿಸಿ ಮತ್ತು ಮಳೆ ಎರಡೂ ಇರುವ ತಗ್ಗು ಪ್ರದೇಶಗಳಲ್ಲೇ ಈ ರೋಗ ಹೆಚ್ಚು ಎಂದು ಗೊತ್ತಾಯಿತು. ಅದು ಮಲೇರಿಯಾ ಇರುವ ಜಾಗ ಕೂಡ. ದುಬಾರಿ ಉಪಕರಣ ಇಲ್ಲದೆಯೂ ಒಳ್ಳೆಯ ಸಂಶೋಧನೆ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ನನ್ನ ಪ್ರಶ್ನೆ ಬೇರೆ. ಅಷ್ಟೆಲ್ಲ ತಿಳಿದುಕೊಂಡ ಮೇಲೆ ಆ ತಿಳಿವಳಿಕೆ ಯಾರ ಹತ್ತಿರ ಉಳಿಯಿತು? ಆಫ್ರಿಕದ ವೈದ್ಯರು 1983ರಲ್ಲಿ ತಮ್ಮದೇ ಒಂದು ಕ್ಯಾನ್ಸರ್ ಸಂಸ್ಥೆ ಕಟ್ಟಿಕೊಂಡದ್ದನ್ನು ಈ ಪ್ರಶ್ನೆ ಬಿಟ್ಟು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಅದರ ಪೂರ್ತಿ ಹೆಸರು ಆಫ್ರಿಕನ್ ಆರ್ಗನೈಸೇಷನ್ ಫಾರ್ ರಿಸರ್ಚ್ ಅಂಡ್ ಟ್ರೈನಿಂಗ್ ಇನ್ ಕ್ಯಾನ್ಸರ್. ಉದ್ದವಾಯಿತು ಅಲ್ವಾ? ಎಲ್ಲರೂ ಅಯೋರ್ಟಿಕ್ ಎನ್ನುತ್ತಾರೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಅಯೋರ್ಟಾ ಎಂದು ಹೆಸರು, ಅದು ನೆನಪಾಗಲಿ ಎಂದೇ ಈ ಹೆಸರು ಇಟ್ಟಿರಬೇಕು. ಹೆಸರಿನಲ್ಲಿ ನಾನು ಗಮನಿಸಿದ್ದು ಇನ್ನೊಂದು ಪದ. ಸಂಶೋಧನೆ ಎಂಬುದು ಇಂಥ ಎಲ್ಲ ಸಂಸ್ಥೆಗಳ ಹೆಸರಿನಲ್ಲೂ ಇರುತ್ತದೆ. ಇವರು ಅದರ ಪಕ್ಕಕ್ಕೇ ತರಬೇತಿಯನ್ನೂ ಕೂರಿಸಿದ್ದಾರೆ. ಅದು ಸುಮ್ನೆ ಸೇರಿದ ಪದ ಅಲ್ಲ.

ಯಾಕೆ ಎಂದು ತಿಳಿಯಲು ಮತ್ತೆ ಕಂಪಾಲಾಗೆ ಹೋಗಬೇಕು. 1967ರಲ್ಲಿ ಮುಲಾಗೊ ಆಸ್ಪತ್ರೆಯ ಆವರಣದಲ್ಲಿ ಲಿಂಫೋಮಾ ಚಿಕಿತ್ಸಾ ಕೇಂದ್ರ ಶುರುವಾಯಿತು. ಮಕೆರೆರೆ ವಿಶ್ವವಿದ್ಯಾಲಯ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿ ನಡೆಸಿದ ಕೆಲಸ ಅದು. ಅಮೆರಿಕದಿಂದ ಬಂದ ಜಾನ್ ಜೀಗ್ಲರ್ ಅದರ ಮೊದಲ ಮುಖ್ಯಸ್ಥರು. ಬರ್ಕಿಟ್ ಲಿಂಫೋಮಾ ಬಲು ಬೇಗ ಬೆಳೆಯುವ ಗಡ್ಡೆ, ಆದರೆ ಕೀಮೋ ಕೊಟ್ಟರೆ ಅಷ್ಟೇ ಬೇಗ ಕರಗುತ್ತದೆ. ಔಷಧಿಯಿಂದಲೇ ಕ್ಯಾನ್ಸರ್ ವಾಸಿಯಾಗಬಹುದು ಎಂಬ ಮಾತನ್ನು ಬಹಳ ಜನ ನಂಬದಿದ್ದ ಕಾಲದಲ್ಲಿ ಕಂಪಾಲಾದ ಮಕ್ಕಳು ವಾಸಿಯಾಗಿ ಮನೆಗೆ ಹೋದರು. 1972ರಲ್ಲಿ ಕೀಮೋಥೆರಪಿಯ ಕೆಲಸಕ್ಕೆ ಲಾಸ್ಕರ್ ಎಂಬ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿ ಪಡೆದವರಲ್ಲಿ ಬರ್ಕಿಟ್ ಮತ್ತು ಜೀಗ್ಲರ್ ಇಬ್ಬರೂ ಇದ್ದರು.

ಅದೇ ವರ್ಷ ಇದಿ ಅಮಿನ್ ಆಡಳಿತದ ಅಬ್ಬರ ಜೋರಾಯಿತು, ಅಮೆರಿಕನ್ನರು ಹೊರಟರು. ಕೇಂದ್ರ ಮುಚ್ಚಿಹೋಗಬೇಕಿತ್ತು. ಮುಚ್ಚಲಿಲ್ಲ. ಚಾರ್ಲ್ಸ್ ಒಲ್ವೆನಿ ಎಂಬ ಉಗಾಂಡದ ವೈದ್ಯರು ವಹಿಸಿಕೊಂಡರು. ಔಷಧಿಗೆ ಬರ, ಸಿಬ್ಬಂದಿ ಕಡಿಮೆ, ಹೊರಗೆ ಬಂದೂಕು. ಇಷ್ಟರ ನಡುವೆಯೂ ವಾರ್ಡು ನಡೆಯಿತು, ಸಂಶೋಧನಾ ಲೇಖನಗಳೂ ಬಂದವು. ಇದು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಹೊರಗಿನವರು ಇದ್ದಷ್ಟು ದಿನ ಊರಿನವರೂ ಕೆಲಸ ಕಲಿತಿದ್ದರು. ಕಟ್ಟಡ ಕೊಟ್ಟು ಹೋದವರಿಗಿಂತ ಕೆಲಸ ಕಲಿಸಿ ಹೋದವರು ಉಪಕಾರ ಮಾಡಿದರು ಎಂದು ನಾನು ಹೇಳುವುದು ಇದಕ್ಕೇ.

ಆದರೆ ಒಲ್ವೆನಿ ಅವರೂ ಮುಂದೆ ದೇಶ ಬಿಟ್ಟರು. ವರ್ಷಗಟ್ಟಲೆ ಹೊರಗೆ, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲೂ ಕೆಲಸ ಮಾಡಿದರು. ಆಮೇಲೆ ವಾಪಸ್ ಬಂದು ಉಗಾಂಡ ಮಾರ್ಟರ್ಸ್ ವಿಶ್ವವಿದ್ಯಾಲಯದ ಕುಲಪತಿಯಾದರು ಎನ್ನುವುದು ನಿಜ. ಆದರೂ ನಡುವಿನ ಆ ವರ್ಷಗಳ ಅನುಭವ ವಿನ್ನಿಪೆಗ್‌ನ ರೋಗಿಗಳಿಗೆ ಸಿಕ್ಕಿತು, ಕಂಪಾಲಾದವರಿಗೆ ಸಿಗಲಿಲ್ಲ. ಇಂಥ ಕತೆ ಆಫ್ರಿಕದ ಹತ್ತಾರು ದೇಶಗಳಲ್ಲಿ ಇದೆ.

ಈ ಹಿನ್ನೆಲೆಯಲ್ಲಿ 1983 ನೋಡಿ. ಆಗಿನ ಲೆಕ್ಕಾಚಾರದಲ್ಲಿ ಆಫ್ರಿಕ ಎಂದರೆ ಮಲೇರಿಯಾ, ಟಿಬಿ, ಹಸಿವು. ಕ್ಯಾನ್ಸರ್ ಶ್ರೀಮಂತ ದೇಶಗಳ ಕಾಯಿಲೆ ಎಂದೇ ಹಣ ಕೊಡುವವರೆಲ್ಲ ಅಂದುಕೊಂಡಿದ್ದರು. ವಾರ್ಡಿನಲ್ಲಿ ದಿನಾ ಕ್ಯಾನ್ಸರ್ ನೋಡುತ್ತಿದ್ದ ಆಫ್ರಿಕದ ವೈದ್ಯರಿಗೆ ಇದು ಸುಳ್ಳೆಂದು ಗೊತ್ತಿತ್ತು. ಆದರೆ ಹೇಳಿಕೊಳ್ಳಲು ಒಂದು ವೇದಿಕೆ ಇರಲಿಲ್ಲ. ನೈಜೀರಿಯಾದ ಲಾಗೋಸಿನ ವೈದ್ಯರಿಗೆ ಲಂಡನ್ ಗೊತ್ತು, ಸೆನೆಗಲ್ಲಿನ ಡಾಕರ್‌ನವರಿಗೆ ಪ್ಯಾರಿಸ್ ಗೊತ್ತು, ಲಾಗೋಸಿನವರಿಗೂ ಡಾಕರ್‌ನವರಿಗೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ಇಂಗ್ಲಿಷಿನವರನ್ನೂ ಫ್ರೆಂಚಿನವರನ್ನೂ ಒಂದೇ ಮೇಜಿಗೆ ಕೂರಿಸಿದ್ದೇ ಈ ಸಂಸ್ಥೆಯ ಮೊದಲ ಕೆಲಸ ಎನ್ನಬಹುದು.

ಕೂರಿಸಿದ ಮೇಲೆ ಎಲ್ಲ ಸರಿಹೋಯಿತಾ? ಇಲ್ಲ. 80ರ ದಶಕ ಆಫ್ರಿಕದ ಖಜಾನೆಗಳಿಗೆ ಕೆಟ್ಟ ಕಾಲ. ಸಾಲ ಬೆಳೆಯಿತು, ಸಾಲ ಕೊಟ್ಟವರು ಆಸ್ಪತ್ರೆಯ ಖರ್ಚೂ ಕಡಿಮೆ ಮಾಡಿ ಎಂದರು. ಅದರ ಮೇಲೆ ಏಡ್ಸ್ ಬಂತು. ಏಡ್ಸ್ ಜೊತೆಗೆ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್ ಕೂಡ ಹರಡಿತು. ಇದ್ದಬದ್ದ ಕೈಗಳೆಲ್ಲ ಅದಕ್ಕೇ ಸಾಲದಾದವು. ಅಯೋರ್ಟಿಕ್ ಮೆಲ್ಲಗೆ ಮಂಕಾಯಿತು. ಮತ್ತೆ ಜೀವ ಬಂದದ್ದು 2000ದಲ್ಲಿ. ಜೀವ ತುಂಬಿದವರು ಯಾರು ಗೊತ್ತಾ? ಹೊರದೇಶಗಳಿಗೆ ಹೋಗಿ ನೆಲೆಸಿದ್ದ ಆಫ್ರಿಕದ ವೈದ್ಯರು, ವಿಜ್ಞಾನಿಗಳು ಮತ್ತು ಅವರ ಗೆಳೆಯರು. ಯಾರ ವಲಸೆಯಿಂದ ಆಸ್ಪತ್ರೆಗಳು ಬರಿದಾದವೋ ಅವರೇ ಬಂದು ದೀಪ ಹಚ್ಚಿದರು. ಊರು ಬಿಟ್ಟವರು ಊರ ಜಾತ್ರೆಗೆ ಚಂದಾ ಕಳಿಸುವುದು ನಮಗೂ ಗೊತ್ತಿರುವ ಸಂಗತಿಯೇ.

ಈಗ ಕಚೇರಿ ಕೇಪ್ ಟೌನಿನಲ್ಲಿದೆ. ಎರಡು ವರ್ಷಕ್ಕೊಮ್ಮೆ ಸಮ್ಮೇಳನ: 2013ರಲ್ಲಿ ಡರ್ಬನ್, 2015ರಲ್ಲಿ ಮರ್ರಾಕೆಶ್, 2017ರಲ್ಲಿ ಕಿಗಾಲಿ, 2019ರಲ್ಲಿ ಮಪುಟೊ, 2023ರಲ್ಲಿ ಡಾಕರ್. ಇದರ ಅಧ್ಯಕ್ಷರಾಗಿದ್ದ ಐಸಾಕ್ ಅಡೆವೊಲೆ ಮುಂದೆ ನೈಜೀರಿಯಾದ ಆರೋಗ್ಯ ಸಚಿವರಾದರು. ಕೆನ್ಯಾದ ಸ್ತನ ಕ್ಯಾನ್ಸರ್ ಸರ್ಜನ್ ಮಿರಿಯಮ್ ಮುಟೆಬಿ ಕೂಡ ಅಧ್ಯಕ್ಷೆಯಾಗಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆ ಸೇರಿ ಎಳೆಯ ಸಂಶೋಧಕರಿಗೆ ಸಣ್ಣ ಸಣ್ಣ ಅನುದಾನ ಕೊಡುವ ಯೋಜನೆಯೊಂದನ್ನು ಅಯೋರ್ಟಿಕ್ ನಡೆಸಿದೆ, ಅದಕ್ಕೆ ಬಿಗ್ ಕ್ಯಾಟ್ ಎಂದು ಹೆಸರು. ಹಣ ದೊಡ್ಡದಲ್ಲ. ಆದರೆ ಮೊದಲ ಬಾರಿಗೆ ತನ್ನದೇ ಪ್ರಶ್ನೆ ಹಿಡಿದು ಹೊರಟ ಯುವ ವೈದ್ಯೆಗೆ ಅದು ಸಾಕಾಗುತ್ತದೆ.

"ತನ್ನದೇ ಪ್ರಶ್ನೆ" ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನಲ್ಲಿ ಪರೀಕ್ಷೆ ಮಾಡಿದ ಚಿಕಿತ್ಸೆಯನ್ನು ಹಾಗೇ ತಂದು ಕೊಟ್ಟರೆ ಆಗುವುದಿಲ್ಲವಾ ಎಂದು ಕೇಳುವವರಿದ್ದಾರೆ. ಅನೇಕ ಸಲ ಆಗುತ್ತದೆ. ಕೆಲವು ಸಲ ಆಗುವುದಿಲ್ಲ. ಸ್ತನ ಕ್ಯಾನ್ಸರನ್ನೇ ನೋಡಿ. ಪಶ್ಚಿಮ ಆಫ್ರಿಕದ ಹೆಂಗಸರಲ್ಲಿ ಅದು ಚಿಕ್ಕ ವಯಸ್ಸಿಗೇ ಬರುವುದು ಹೆಚ್ಚು. ಹಾರ್ಮೋನ್ ಮಾತ್ರೆಗೂ ಬಗ್ಗದ, ಟ್ರಿಪಲ್ ನೆಗೆಟಿವ್ ಎನ್ನುವ ಬಗೆಯೂ ಅವರಲ್ಲಿ ಜಾಸ್ತಿ. ನೈಜೀರಿಯಾದಲ್ಲಿ ಹುಟ್ಟಿ ಶಿಕಾಗೊದಲ್ಲಿ ಕೆಲಸ ಮಾಡುವ ಒಲುಫುನ್ಮಿಲಾಯೊ ಒಲೊಪಾಡೆ ಇದರ ಹಿಂದಿನ ವಂಶವಾಹಿಗಳ ಬೆನ್ನು ಹತ್ತಿದವರು. ಇನ್ನು ಗರ್ಭಕೊರಳಿನ ಕ್ಯಾನ್ಸರ್, ಯಕೃತ್ತಿನ ಕ್ಯಾನ್ಸರ್, ಕಪೋಸಿ, ಬರ್ಕಿಟ್ ಇವೆಲ್ಲದರ ಹಿಂದೆ ಹೆಚ್ಚಾಗಿ ಒಂದಲ್ಲ ಒಂದು ವೈರಸ್ ಇರುತ್ತದೆ. ಸೋಂಕಿನಿಂದ ಬರುವ ಕ್ಯಾನ್ಸರಿನ ಪಾಲು ಅಲ್ಲಿ ಯುರೋಪಿಗಿಂತ ತುಂಬಾ ದೊಡ್ಡದು. ಹಾಗಾಗಿ ಯಾವುದಕ್ಕೆ ಮೊದಲು ಹಣ ಹಾಕಬೇಕು ಎನ್ನುವ ಉತ್ತರವೂ ಬೇರೆ.

ರುವಾಂಡ ಇದನ್ನು ಬೇಗ ಅರ್ಥ ಮಾಡಿಕೊಂಡಿತು. 2011ರಲ್ಲೇ ಶಾಲಾ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಲು ಶುರು ಮಾಡಿತು, 90 ಶೇಕಡಕ್ಕಿಂತ ಹೆಚ್ಚು ಹುಡುಗಿಯರನ್ನು ಮುಟ್ಟಿತು. ದಕ್ಷಿಣ ಆಫ್ರಿಕದ ಲಿನೆಟ್ ಡೆನಿ ಮತ್ತು ಸಂಗಡಿಗರು ಕೇಪ್ ಟೌನಿನ ಹೊರಗಿರುವ ಖಯೆಲಿತ್ಶಾ ಎಂಬ ಬಡವರ ಬಡಾವಣೆಯಲ್ಲಿ ಇನ್ನೊಂದು ದಾರಿ ತೋರಿಸಿದರು. ಗರ್ಭಕೊರಳನ್ನು ಪರೀಕ್ಷೆ ಮಾಡಿ, ಅನುಮಾನ ಬಂದರೆ ಬಯಾಪ್ಸಿ ವರದಿಗೆಂದು ತಿಂಗಳುಗಟ್ಟಲೆ ಅಲೆಸದೆ ಚಿಕಿತ್ಸೆ ಮುಗಿಸುವುದು. 2005ರಲ್ಲಿ ಫಲಿತಾಂಶ ಬಂತು: ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಕಡಿಮೆಯಾಗಿದ್ದವು. ಅಡುಗೆಮನೆಯ ವಿನೆಗರ್ ಇದೆಯಲ್ಲ, ಅದರಲ್ಲಿರುವ ಅಸಿಟಿಕ್ ಆಸಿಡ್ಡನ್ನೇ ಸವರಿ ಬಿಳಿ ಕಲೆ ಏಳುತ್ತದಾ ನೋಡುವ ಪರೀಕ್ಷೆಯೂ ಅದರಲ್ಲಿತ್ತು. ಇದೇ ಪರೀಕ್ಷೆಯನ್ನು ತಮಿಳುನಾಡಿನ ದಿಂಡಿಗಲ್ಲಿನಲ್ಲಿ, ಮುಂಬಯಿಯ ಕೊಳೆಗೇರಿಗಳಲ್ಲಿ ನಮ್ಮವರೂ ಮಾಡಿ ತೋರಿಸಿದ್ದಾರೆ. ಬಡ ದೇಶಗಳು ಪರಸ್ಪರ ಕಲಿಯುವುದು ಎಂದರೆ ಇದು.

ಲೆಕ್ಕ ಇಡುವುದೂ ಸಂಶೋಧನೆಯೇ, ಎಲ್ಲಕ್ಕಿಂತ ಕಷ್ಟದ ಸಂಶೋಧನೆ. ಕಂಪಾಲಾದಲ್ಲಿ 1950ರ ದಶಕದಿಂದಲೂ ಕ್ಯಾನ್ಸರ್ ನೋಂದಣಿ ಪುಸ್ತಕ ಇದೆ, ನಡುವೆ ಯುದ್ಧದ ವರ್ಷಗಳಲ್ಲಿ ನಿಂತಿದ್ದು ಬಿಟ್ಟರೆ. ನೈಜೀರಿಯಾದ ಇಬಾದಾನಿನಲ್ಲೂ 60ರ ದಶಕದಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿನ ನೋಂದಣಿ ಶುರುವಾದದ್ದು 80ರ ದಶಕದಲ್ಲಿ, ಕಿದ್ವಾಯಿಯಲ್ಲಿ. ಅಂದರೆ ಈ ವಿಷಯದಲ್ಲಿ ಅವರು ನಮಗಿಂತ ಹಿರಿಯರು. ಆದರೂ ಇವತ್ತಿಗೂ ಆಫ್ರಿಕದ ಬಹುತೇಕ ಜನ ಇಂಥ ಯಾವ ಪುಸ್ತಕದ ವ್ಯಾಪ್ತಿಗೂ ಬರುವುದಿಲ್ಲ. ಹಳ್ಳಿಯಲ್ಲಿ ಹೊಟ್ಟೆ ಊದಿ ಸತ್ತ ಮುದುಕನಿಗೆ ಏನಾಗಿತ್ತು ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಹೀಗೆ ಅರ್ಧ ಎಣಿಕೆ, ಅರ್ಧ ಅಂದಾಜಿನಲ್ಲಿ ಹುಟ್ಟಿದ ಅಂಕಿಗಳೂ ಗಾಬರಿ ಹುಟ್ಟಿಸುತ್ತವೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ವರ್ಷ ಆಫ್ರಿಕದಲ್ಲಿ ಸುಮಾರು 11.8 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂತು, ಸುಮಾರು 7.6 ಲಕ್ಷ ಜನ ಸತ್ತರು. ಇಡೀ ಜಗತ್ತಿಗೆ ಹೊಸ ರೋಗಿಗಳು ಸುಮಾರು 2 ಕೋಟಿ, ಸಾವು 97 ಲಕ್ಷ. ಜಗತ್ತಿನಲ್ಲಿ 100 ಹೊಸ ರೋಗಿಗಳಿಗೆ 49 ಸಾವು ಆದರೆ ಆಫ್ರಿಕದಲ್ಲಿ 64. ಒಂದೇ ವರ್ಷದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಒರಟು ಲೆಕ್ಕ ಇದು. ಆದರೂ ರೋಗಿ ಆಸ್ಪತ್ರೆ ಸೇರುವಾಗ ಎಷ್ಟು ತಡವಾಗಿರುತ್ತದೆ, ಸೇರಿದ ಮೇಲೆ ಎಷ್ಟು ಕಡಿಮೆ ಸಿಗುತ್ತದೆ ಎನ್ನುವುದನ್ನು ತೋರಿಸಲು ಸಾಕು.

ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಯಂತ್ರದ ಕತೆ. ಉಗಾಂಡದಲ್ಲಿ ಇದ್ದದ್ದು ಒಂದೇ ಒಂದು ರೇಡಿಯೋಥೆರಪಿ ಯಂತ್ರ, 1995ರಲ್ಲಿ ಬಂದದ್ದು. ಕೋಬಾಲ್ಟ್ ಎಂಬ ವಿಕಿರಣ ವಸ್ತುವಿನಿಂದ ಕೆಲಸ ಮಾಡುವ ಯಂತ್ರ. ಕೋಬಾಲ್ಟ್ ಸುಮಾರು ಐದೂಕಾಲು ವರ್ಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲು ಎರಡು ನಿಮಿಷ ಸಾಕಾಗುತ್ತಿದ್ದ ರೋಗಿಯನ್ನು ಆಮೇಲೆ ನಾಲ್ಕು ನಿಮಿಷ ಮಲಗಿಸಬೇಕು, ಆಮೇಲೆ ಎಂಟು. ಸಾಲು ಬೆಳೆಯುತ್ತಾ ಹೋಗುತ್ತದೆ. 2016ರಲ್ಲಿ ಆ ಯಂತ್ರ ರಿಪೇರಿಗೂ ಸಿಗದಂತೆ ಕೆಟ್ಟು ನಿಂತಿತು. ಒಂದು ದೇಶಕ್ಕೆ ದೇಶವೇ ವಿಕಿರಣ ಚಿಕಿತ್ಸೆ ಇಲ್ಲದಂತಾಯಿತು. ಕೆಲವರನ್ನು ನೈರೋಬಿಗೆ ಕಳಿಸಿದರು. ಹೊಸ ಯಂತ್ರ ಬಂದು, ಕಾಂಕ್ರೀಟಿನ ದಪ್ಪ ಗೋಡೆಯ ಕೋಣೆ ಸಿದ್ಧವಾಗಿ, 2018ರ ಜನವರಿಯಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಎರಡು ವರ್ಷ ಹತ್ತಿರವಾಗಿತ್ತು. ಉಗಾಂಡವೇ ಮೇಲು ಎನ್ನಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2022ರಲ್ಲಿ 'ರೇಸ್ ಆಫ್ ಹೋಪ್' (ಭರವಸೆಯ ಕಿರಣಗಳು) ಎಂಬ ಯೋಜನೆ ಶುರು ಮಾಡಿದಾಗ ಆಫ್ರಿಕದ 20ಕ್ಕೂ ಹೆಚ್ಚು ದೇಶಗಳಲ್ಲಿ ಇಂಥದ್ದೊಂದು ಯಂತ್ರವೂ ಇರಲಿಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ, ಬೆಂಗಳೂರಿನ ಪ್ಯಾನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ತಯಾರಿಸುವ ಭಾಭಾಟ್ರಾನ್ ಕೂಡ ಕೋಬಾಲ್ಟ್ ಯಂತ್ರವೇ. ನೈರೋಬಿಯ ಕೆನ್ಯಾಟ್ಟಾ ಆಸ್ಪತ್ರೆಗೆ ಒಂದನ್ನು ಕೊಡುವುದಾಗಿ 2016ರಲ್ಲಿ ಭಾರತ ಘೋಷಿಸಿತು. ಹೆಮ್ಮೆಯ ವಿಷಯವೇ. ಆದರೆ ಯಂತ್ರ ಕೊಡುವುದು ಒಂದು, ಅದನ್ನು ನಡೆಸಲು ಜನ ಇರುವುದು ಇನ್ನೊಂದು. ಎಷ್ಟು ವಿಕಿರಣ, ಯಾವ ಕೋನದಿಂದ ಎಂದು ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಬೇಕು. ರೋಗಿಯನ್ನು ದಿನಾ ಅದೇ ಜಾಗಕ್ಕೆ ಕೂದಲೆಳೆ ಆಚೀಚೆ ಆಗದಂತೆ ಮಲಗಿಸುವ ಟೆಕ್ನಿಷಿಯನ್ ಬೇಕು. ಕೆಟ್ಟರೆ ನೋಡಲು ಎಂಜಿನಿಯರ್ ಬೇಕು. ದಾನದ ಫಲಕದ ಮೇಲೆ ಇವರ ಸಂಬಳ ಬರೆದಿರುವುದಿಲ್ಲ.

ಮುಲಾಗೊದ ಆ ಲಿಂಫೋಮಾ ಕೇಂದ್ರವೇ ಬೆಳೆದು ಆದ ಉಗಾಂಡ ಕ್ಯಾನ್ಸರ್ ಸಂಸ್ಥೆಗೆ 2004ರಲ್ಲಿ ಜಾಕ್ಸನ್ ಒರೆಮ್ ಮುಖ್ಯಸ್ಥರಾದಾಗ ಇಡೀ ದೇಶಕ್ಕೆ ಅವರೊಬ್ಬರೇ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ತಜ್ಞ. ಬರ್ಕಿಟ್ ತಾವು ಕಂಡ ಗಡ್ಡೆಯ ಬಗ್ಗೆ ಬರೆದು ಆಗಲೇ ನಲವತ್ತಾರು ವರ್ಷವಾಗಿತ್ತು! ಆಮೇಲೆ ಸಿಯಾಟಲಿನ ಫ್ರೆಡ್ ಹಚಿನ್ಸನ್ ಕೇಂದ್ರದ ಜೊತೆ ಒಪ್ಪಂದವಾಯಿತು, ವೈದ್ಯರು ಅಲ್ಲಿಗೆ ಹೋಗಿ ಕಲಿತು ಬಂದರು, 2015ರಲ್ಲಿ ಕಂಪಾಲಾದಲ್ಲಿ ಹೊಸ ಕಟ್ಟಡ ಎದ್ದಿತು. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಪೂರ್ವ ಆಫ್ರಿಕದ ದೇಶಗಳು ತರಬೇತಿಯ ಕೆಲಸವನ್ನು ಹಂಚಿಕೊಂಡವು. ಕ್ಯಾನ್ಸರ್ ಉಗಾಂಡಕ್ಕೆ, ಕಿಡ್ನಿ ಕೆನ್ಯಾಕ್ಕೆ, ಹೃದಯ ತಾಂಜಾನಿಯಾಕ್ಕೆ. ಪ್ರತಿ ದೇಶವೂ ಎಲ್ಲವನ್ನೂ ಅರೆಬರೆ ಕಟ್ಟುವ ಬದಲು ಇದು ಜಾಣತನ. ಲಂಡನ್ನಿಗೆ ಹೋದ ವೈದ್ಯ ಅಲ್ಲೇ ಉಳಿಯಬಹುದು. ಕಂಪಾಲಾದಲ್ಲಿ ಕಲಿತವನು ತನ್ನ ಊರಿನಲ್ಲಿ ಇರುವ ಯಂತ್ರದಲ್ಲೇ, ಇರುವ ಔಷಧಿಯಲ್ಲೇ ಕಲಿತಿರುತ್ತಾನೆ, ಮನೆಗೆ ಬಸ್ಸಿನಲ್ಲೇ ವಾಪಸ್ ಹೋಗಬಹುದು.

ವಾಸಿಯಾಗದವರ ವಿಷಯದಲ್ಲಿ ಉಗಾಂಡ ಎಲ್ಲರಿಗಿಂತ ಮುಂದೆ ಹೋಯಿತು. 1993ರಲ್ಲಿ ಆನ್ ಮೆರಿಮನ್ ಎಂಬ ವೈದ್ಯೆ ಕಂಪಾಲಾದಲ್ಲಿ ಇಂಥ ರೋಗಿಗಳ ಆರೈಕೆಗೆಂದೇ ಹಾಸ್ಪಿಸ್ ಆಫ್ರಿಕ ಉಗಾಂಡ ಶುರು ಮಾಡಿದರು. ನೋವು ಕಳೆಯುವ ಮಾರ್ಫಿನ್ ಪುಡಿಯನ್ನು ನೀರಿಗೆ ಬೆರೆಸಿ ಬಾಟಲಿಗೆ ತುಂಬಿ ಕೊಡುವುದು, ಅಷ್ಟೇ. ವೈದ್ಯರು ಸಿಗದ ಜಾಗದಲ್ಲಿ ತರಬೇತಿ ಪಡೆದ ನರ್ಸುಗಳೇ ಮಾರ್ಫಿನ್ ಬರೆದುಕೊಡಲು ಸರಕಾರ ಕಾನೂನನ್ನೇ ತಿದ್ದಿತು. ಕಾನೂನಿನ ಭಯಕ್ಕೆ ಮಾರ್ಫಿನ್ ಕೈಗೆತ್ತಿಕೊಳ್ಳದ ಆಸ್ಪತ್ರೆಗಳನ್ನು ನೋಡಿರುವ ನಮಗೆ ಇದು ಸಣ್ಣ ವಿಷಯ ಅನ್ನಿಸಬಾರದು.

ಅಯೋರ್ಟಿಕ್‌ನಂಥ ಸಂಸ್ಥೆಯ ಮೇಲೆ ನನ್ನ ದೂರೂ ಇದೆ. ದೊಡ್ಡ ಹೋಟೆಲಿನ ಸಮ್ಮೇಳನಕ್ಕೆ ಜಿಲ್ಲಾ ಆಸ್ಪತ್ರೆಯ ನರ್ಸ್ ಬರಲು ಆಗುವುದಿಲ್ಲ. ಹಣದ ವಿಷಯವಂತೂ ಇನ್ನೂ ನಾಜೂಕು. 2001ರಲ್ಲಿ ಆಫ್ರಿಕದ ನಾಯಕರು ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಸೇರಿ ಬಜೆಟ್ಟಿನ 15 ಶೇಕಡ ಆರೋಗ್ಯಕ್ಕೆ ಇಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಹಾಗಾಗಿ ಸಂಶೋಧನೆಯ ಹಣ ಹೆಚ್ಚಾಗಿ ಅಮೆರಿಕ, ಯುರೋಪಿನಿಂದಲೇ ಬರುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಹೊರದೇಶದ ಪಾಲುದಾರರಿಗೆ ಹಣ ಹಂಚುವ ಹಳೆಯ ಪದ್ಧತಿ ನಿಲ್ಲಿಸುವುದಾಗಿ ಹೇಳಿದವು. ಆಫ್ರಿಕದ ಎಷ್ಟೋ ಲ್ಯಾಬುಗಳಿಗೆ ಹಣ ಬರುತ್ತಿದ್ದದ್ದು ಅದೇ ದಾರಿಯಲ್ಲಿ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಕೂಡ ಅದೇ ವರ್ಷ ಬಾಗಿಲು ಹಾಕಿತು.

ಅಂದರೆ 1972 ಇನ್ನೊಂದು ರೂಪದಲ್ಲಿ ಬಂದಿದೆ. ಆಗ ಹೊರಟದ್ದು ಕಂಪಾಲಾದ ವಾರ್ಡಿನಲ್ಲಿದ್ದ ಕೆಲವು ಅಮೆರಿಕನ್ ವೈದ್ಯರು. ಈಗ ಹೊರಡುತ್ತಿರುವುದು ಹಣ, ಅದೂ ಹಲವು ದೇಶಗಳಿಂದ ಒಟ್ಟಿಗೇ. ಒಂದು ವ್ಯತ್ಯಾಸವಿದೆ. ಅಂದು ವಾರ್ಡು ವಹಿಸಿಕೊಳ್ಳಲು ಒಲ್ವೆನಿ ಮತ್ತು ಬೆರಳೆಣಿಕೆಯ ಜನ ಇದ್ದರು. ಇಂದು ಮುಲಾಗೊ ಗುಡ್ಡದ ಮೇಲೆ ಬೆಳಗಿನ ರೌಂಡ್ಸ್ ಶುರುವಾದರೆ ಹಾಸಿಗೆಯ ಸುತ್ತ ನಿಲ್ಲುವವರಲ್ಲಿ ಉಗಾಂಡದವರ ಜೊತೆ ಅಕ್ಕಪಕ್ಕದ ದೇಶಗಳಿಂದ ಕಲಿಯಲು ಬಂದವರೂ ಇರುತ್ತಾರೆ. ಅವರಿಗೆ ಸಂಬಳ ಕೊಟ್ಟು ಊರಲ್ಲೇ ಉಳಿಸಿಕೊಳ್ಳುವ ಕೆಲಸ ಮಾತ್ರ ಅಯೋರ್ಟಿಕ್‌ನದಲ್ಲ, ಸಿಯಾಟಲಿನದೂ ಅಲ್ಲ. ಅದು ಕಂಪಾಲಾ, ಅಬುಜಾ, ಡಾಕರ್‌ಗಳಲ್ಲಿ ಬಜೆಟ್ ಬರೆಯುವವರ ಕೈಯಲ್ಲಿದೆ.